ಆರರವರೆಗೆ ಏರಿ ಇಳಿಯುವ ಸಂಖ್ಯೆ

27994681 ಅನ್ನು 441ರಿಂದ ಗುಣಿಸಬೇಕು. ಮೊಬೈಲನ್ನು ಬದಿಗಿಟ್ಟು ಕಾಗದದ ಮೇಲೆ ಮಾಡಿದರೇ ಈ ಲೆಕ್ಕದ ರುಚಿ ಸಿಗುವುದು. 441 ಅಂದರೆ 400, 40 ಮತ್ತು 1. ಒಂದರಿಂದ ಗುಣಿಸಿದರೆ ಅದೇ 27994681. ನಲವತ್ತರಿಂದ ಗುಣಿಸಿದರೆ 1119787240. ನಾನೂರರಿಂದ ಗುಣಿಸಿದರೆ 11197872400. ಇಲ್ಲಿಯವರೆಗೆ ಅಂಕೆಗಳಲ್ಲಿ ಯಾವ ಚೆಲುವೂ ಕಾಣುವುದಿಲ್ಲ. ಮೂರನ್ನೂ ಒಂದರ ಕೆಳಗೊಂದು ಬರೆದು ಬಲಗಡೆಯಿಂದ ಕೂಡುತ್ತ ಬನ್ನಿ. ಬಿಡಿಯ ಸ್ಥಾನದಲ್ಲಿ 1. ಹತ್ತರ ಸ್ಥಾನದಲ್ಲಿ 12 ಬರುತ್ತದೆ. 2 ಬರೆದು ದಶಕ 1. ಮುಂದೆ 13, 14. ಬರೆಯುವುದು 3, 4. ಆಮೇಲೆ 25, 26. ಬರೆಯುವುದು 5, 6. ಇಷ್ಟು ಹೊತ್ತಿಗೆ ಯಾರಿಗಾದರೂ ಅನುಮಾನ ಬಂದಿರುತ್ತದೆ. ಮುಂದಿನದು 7 ಇರಬೇಕು ಎಂದುಕೊಂಡರೆ 25 ಬಂದು 5 ನಿಲ್ಲುತ್ತದೆ. ನಂತರ 14ರ 4. ಅದರ ದಶಕ ಸೇರಿ 3. ಕೊನೆಗೆ ದಶಕದ ಹಂಗೇ ಇಲ್ಲದೆ 2, 1. ಉತ್ತರ 12345654321.

ಈ ಲೆಕ್ಕವನ್ನು ಕೊಟ್ಟವರು ಮಹಾವೀರಾಚಾರ್ಯರು. ಕ್ರಿ.ಶ. 850ರ ಸುಮಾರಿನಲ್ಲಿ ಅವರು ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಇದು ಗುಣಾಕಾರದ ಅಭ್ಯಾಸವಾಗಿ ಬರುತ್ತದೆ. ಗ್ರಂಥ ಸಂಸ್ಕೃತದಲ್ಲಿದೆ. ಆರಂಭದಲ್ಲಿಯೇ ಅವರು ಅಮೋಘವರ್ಷ ನೃಪತುಂಗನನ್ನು ಕೊಂಡಾಡುತ್ತಾರೆ. ‘ಕವಿರಾಜಮಾರ್ಗ’ದ ಮೂಲಕ ಕನ್ನಡಿಗರಿಗೆಲ್ಲ ಪರಿಚಿತನಾದ ಅದೇ ರಾಷ್ಟ್ರಕೂಟ ದೊರೆ, ಅವನ ರಾಜಧಾನಿ ಮಾನ್ಯಖೇಟ ಇಂದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಕನ್ನಡದ ಕಾವ್ಯಲಕ್ಷಣವನ್ನು ಗೊತ್ತುಪಡಿಸಿದ ಕಾಲವೇ ಗುಣಾಕಾರದ ಪಾಠವನ್ನೂ ಇಷ್ಟು ಸೊಗಸಾಗಿ ಬರೆಯಿಸಿಕೊಂಡಿತು ಎಂಬುದು ನನಗೆ ದೊಡ್ಡ ಸಂತೋಷದ ವಿಷಯ. ಆ ಕಾಲದ ಕಾವ್ಯಚರ್ಚೆಗೆ ನಮ್ಮ ಪಠ್ಯಗಳಲ್ಲಿ ಜಾಗವಿದೆ, ಗಣಿತಕ್ಕೆ ಅಷ್ಟಿಲ್ಲ.

ಆರ್ಯಭಟ, ಬ್ರಹ್ಮಗುಪ್ತರ ಗ್ರಂಥಗಳಲ್ಲಿ ಗಣಿತವು ಖಗೋಳಶಾಸ್ತ್ರದ ಒಂದು ಭಾಗವಾಗಿ ಬರುತ್ತದೆ. ಮಹಾವೀರರದು ಗಣಿತಕ್ಕೇ ಮೀಸಲಾದ ಪುಸ್ತಕ. ಅಡುಗೆ, ಸಂಗೀತ, ನಾಟಕ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣ ಎಲ್ಲಕ್ಕೂ ಲೆಕ್ಕ ಬೇಕು ಎಂದು ಅವರು ಮೊದಲಿಗೇ ಸಾರುತ್ತಾರೆ. ಒಂಬತ್ತು ಅಧ್ಯಾಯಗಳ ಈ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಮೂಲವನ್ನೂ ಇಂಗ್ಲಿಷ್ ಅನುವಾದವನ್ನೂ ಅಚ್ಚು ಮಾಡಿಸಿದ ಮೇಲೆ ಹೊರಗಿನ ವಿದ್ವಾಂಸರ ಕೈಗೆ ಅದು ಸಿಕ್ಕಿತು.

ದೊಡ್ಡ ಸಂಖ್ಯೆಗಳ ಬಗ್ಗೆ ಮಹಾವೀರರಿಗೆ ತುಂಬ ಪ್ರೀತಿ. ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಅವರು ಹೆಸರು ಕೊಟ್ಟಿದ್ದಾರೆ. ಆ ಪಟ್ಟಿಯಲ್ಲಿ ನಮ್ಮ ಸಂಖ್ಯೆಯನ್ನು ಇಟ್ಟು ಓದಿದರೆ ಎಡತುದಿಯ 1 ಅರ್ಬುದದ ಸ್ಥಾನದಲ್ಲಿ ನಿಲ್ಲುತ್ತದೆ. ನಂತರ ಶತಕೋಟಿಯಲ್ಲಿ 2, ದಶಕೋಟಿಯಲ್ಲಿ 3, ಕೋಟಿಯಲ್ಲಿ 4, ದಶಲಕ್ಷದಲ್ಲಿ 5. ಎಲ್ಲಕ್ಕಿಂತ ಎತ್ತರದ 6 ಸರಿಯಾಗಿ ಲಕ್ಷದ ಸ್ಥಾನದಲ್ಲಿ, ಐದು ಅಂಕೆ ಆಚೆ, ಐದು ಅಂಕೆ ಈಚೆ. ನಮ್ಮ ಇಂದಿನ ಮಾತಿನಲ್ಲಿ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಮಹಾವೀರರು ಈ ಸಂಖ್ಯೆಯನ್ನು ಹೇಳುವುದಕ್ಕೆ ಸ್ಥಾನಗಳ ಹೆಸರನ್ನು ಒಂದೊಂದಾಗಿ ಎಣಿಸುವುದಿಲ್ಲ. ಒಂದರಿಂದ ಹೊರಟು ಆರರವರೆಗೆ ಹೋಗಿ ಕ್ರಮವಾಗಿ ಇಳಿಯುವುದು ಎಂಬ ಅರ್ಥದಲ್ಲಿ ಅದರ ನಡಿಗೆಯನ್ನೇ ಹೇಳಿ ಮುಗಿಸುತ್ತಾರೆ. ಇಂಥ ಗುಣಲಬ್ಧಗಳು ಅವರಿಗೆ ಕಂಠಾಭರಣಗಳು, ಕೊರಳ ಹಾರಗಳು. ಯಾವ ತುದಿಯಿಂದ ಪೋಣಿಸಿದರೂ ಹಾರ ಒಂದೇ.

ಈ ಏರಿಳಿತ ಎಲ್ಲಿಂದ ಬಂತು? 111111ನ್ನು 111111ರಿಂದಲೇ ಗುಣಿಸಿ ನೋಡಿದರೆ ತಿಳಿಯುತ್ತದೆ. ಗುಣಿಸುವ ಪ್ರತಿ ಅಂಕೆಯೂ ಒಂದೇ ಆದ್ದರಿಂದ ಆರು ಸಾಲುಗಳಲ್ಲೂ ಅದೇ 111111. ಪ್ರತಿ ಸಾಲು ಹಿಂದಿನದಕ್ಕಿಂತ ಒಂದು ಮನೆ ಎಡಕ್ಕೆ. ಬಲತುದಿಯ ಕಂಬದಲ್ಲಿ ಒಂದೇ ಒಂದು 1 ಬೀಳುತ್ತದೆ. ಮುಂದಿನ ಕಂಬದಲ್ಲಿ ಎರಡು, ಅದರ ಮುಂದಿನದರಲ್ಲಿ ಮೂರು. ಆರನೆಯ ಕಂಬದಲ್ಲಿ ಆರೂ ಸಾಲುಗಳು ಕೂಡುತ್ತವೆ. ಅಲ್ಲಿಂದಾಚೆಗೆ ಮೇಲಿನ ಸಾಲುಗಳು ಒಂದೊಂದಾಗಿ ಮುಗಿಯುತ್ತ ಬರುವುದರಿಂದ ಐದು, ನಾಲ್ಕು, ಮೂರು, ಎರಡು, ಒಂದು. ಯಾವ ಕಂಬದಲ್ಲೂ ಮೊತ್ತ ಒಂಬತ್ತನ್ನು ದಾಟುವುದಿಲ್ಲ, ದಶಕ ಒಯ್ಯುವ ಕೆಲಸವೇ ಇಲ್ಲ. ಆರು ಸಾಲು, ಸಾಲಿಗೆ ಆರು ಒಂದು, ಒಟ್ಟು ಮೂವತ್ತಾರು. 12345654321ರ ಅಂಕೆಗಳನ್ನು ಕೂಡಿದರೂ 36 ಬರುವುದು ಇದೇ ಕಾರಣಕ್ಕೆ.

ವಾಟ್ಸ್ಆ್ಯಪ್‌ನಲ್ಲಿ ಆಗಾಗ ಒಂದು ಚಿತ್ರ ಬರುತ್ತಿರುತ್ತದೆ. 11ರ ವರ್ಗ 121, 111ರ ವರ್ಗ 12321 ಎಂದು ಗೋಪುರದಂತೆ ಬರೆದು, ಗಣಿತದ ಅದ್ಭುತ ಎಂದು ಹೆಸರಿಟ್ಟಿರುತ್ತಾರೆ. ನೋಡಿ ಬೆರಗಾಗಿ ಮುಂದಕ್ಕೆ ಕಳಿಸುತ್ತೇವೆ. ಆರು ಸಾಲುಗಳನ್ನು ಬರೆದು ಕಂಬಗಳನ್ನು ಎಣಿಸಿದ ಮಗುವಿಗೆ ಸಿಗುವ ಸುಖ ಆ ಬೆರಗಿಗಿಂತ ಎಷ್ಟೋ ದೊಡ್ಡದು. ಕಾರಣ ಗೊತ್ತಾದ ಮೇಲೆ ಚೆಲುವು ಕಡಿಮೆಯಾಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಾರಣ ತಿಳಿದವರಿಗೆ ಗೋಪುರ ಎಲ್ಲಿ ನಿಲ್ಲುತ್ತದೆ ಎಂಬುದೂ ಕಾಣುತ್ತದೆ. ಒಂಬತ್ತು ಒಂದುಗಳ ವರ್ಗ 12345678987654321. ಹತ್ತು ಒಂದುಗಳಿಗೆ ಹೋದರೆ ನಡುವಿನ ಕಂಬದಲ್ಲಿ ಹತ್ತು ಬಂದು ಸೊನ್ನೆ ಬರೆದು ದಶಕ ಒಯ್ಯಬೇಕು. ಅದರ ಎಡಕ್ಕಿರುವ 9 ಆ ಒಂದನ್ನು ಸೇರಿಸಿಕೊಂಡು ತಾನೂ ಹತ್ತಾಗಿ ಸೊನ್ನೆಯಾಗುತ್ತದೆ. ಅದರ ಪಕ್ಕದ 8 ಇನ್ನೊಂದು ದಶಕ ಪಡೆದು 9 ಆಗುತ್ತದೆ. ಉತ್ತರ 1234567900987654321. ಎಡಗಡೆಯಲ್ಲಿ ಎಂಟು ಕಾಣೆಯಾಗಿದೆ, ಹಾರ ಕಡಿದಿದೆ. ಇದರಲ್ಲಿ ದೋಷವೇನಿದ್ದರೂ ಅದು ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರದ್ದು. ಕಂಪ್ಯೂಟರಿನವರು ಬಳಸುವ ಹದಿನಾರರ ಸ್ಥಾನಬೆಲೆಯಲ್ಲಿ ಬರೆದರೆ ಹಾರ ಹದಿನೈದರವರೆಗೂ ಕಡಿಯದೆ ಬೆಳೆಯುತ್ತದೆ. ಆರು ಒಂದುಗಳ ವರ್ಗವಂತೂ ಏಳು ಅಥವಾ ಅದಕ್ಕಿಂತ ಹೆಚ್ಚಿನ ಯಾವ ಸ್ಥಾನಬೆಲೆಯಲ್ಲಿ ಬರೆದರೂ 12345654321 ಎಂದೇ ಕಾಣುತ್ತದೆ.

ಈಗ ಸಂಖ್ಯೆಯನ್ನು ಒಡೆಯೋಣ. ಇಲ್ಲಿ ನಿಧಾನವಾಗಿ ನೋಡುವುದಕ್ಕೆ ಬಹಳವಿದೆ. ಹನ್ನೊಂದರಿಂದ ಭಾಗವಾಗುತ್ತದೆಯೇ ಎಂದು ತಿಳಿಯಲು ಅಂಕೆಗಳನ್ನು ಒಂದು ಬಿಟ್ಟು ಒಂದು ಕೂಡುವುದು ಶಾಲೆಯಲ್ಲಿ ಕಲಿತ ರೀತಿ. 1, 3, 5, 5, 3, 1 ಕೂಡಿದರೆ 18. ಉಳಿದ 2, 4, 6, 4, 2 ಕೂಡಿದರೂ 18. ವ್ಯತ್ಯಾಸ ಸೊನ್ನೆ, ಹಾಗಾಗಿ ಭಾಗವಾಗುತ್ತದೆ. ಇನ್ನೊಂದು ಪರೀಕ್ಷೆ ಇದೆ: ಬಲದಿಂದ ಮೂರು ಮೂರು ಅಂಕೆಗಳನ್ನು ಬೇರೆ ಮಾಡಿದರೆ 12, 345, 654, 321. ಇವನ್ನೂ ಒಂದು ಬಿಟ್ಟು ಒಂದು ಕೂಡಿ. 321 ಮತ್ತು 345 ಸೇರಿ 666. 654 ಮತ್ತು 12 ಸೇರಿದರೂ 666. ಈ ಎರಡು ಮೊತ್ತಗಳೂ ಸಮವಾದರೆ ಸಂಖ್ಯೆ 1001ರಿಂದ ಭಾಗವಾಗುತ್ತದೆ. 1001 ಅಂದರೆ 7, 11, 13ರ ಗುಣಲಬ್ಧ. ನಾಲ್ಕು ತುಂಡುಗಳನ್ನೂ ಒಟ್ಟಿಗೆ ಕೂಡಿದರೆ 1332, ಅದು 111ರ ಹನ್ನೆರಡರಷ್ಟು. ಆದ್ದರಿಂದ 111 ಕೂಡ ಭಾಗಿಸುತ್ತದೆ. 111 ಅಂದರೆ 3 ಮತ್ತು 37ರ ಗುಣಲಬ್ಧ. ಹೀಗೆ ಕೈಬೆರಳ ಲೆಕ್ಕದಲ್ಲೇ ಐದು ಅವಿಭಾಜ್ಯಗಳು ಹೊರಬಂದವು: 3, 7, 11, 13, 37. ಇವುಗಳ ಗುಣಲಬ್ಧವೇ 111111. ನಮ್ಮ ಸಂಖ್ಯೆಯಲ್ಲಿ ಐದೂ ಎರಡೆರಡು ಸಲ ಬರುತ್ತವೆ, ಬೇರೆ ಯಾವುದೂ ಇಲ್ಲ.

ಒಂದೊಂದು ಅವಿಭಾಜ್ಯವನ್ನೂ ತೆಗೆದುಕೊಳ್ಳದೆ ಇರಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಐದಕ್ಕೂ ಮೂರು ಮೂರು ದಾರಿ, ಆದ್ದರಿಂದ ಭಾಜಕಗಳು 243. ಎರಡು ಸಂಖ್ಯೆಗಳ ಗುಣಲಬ್ಧವಾಗಿ ಇದನ್ನು 122 ರೀತಿಯಲ್ಲಿ ಬರೆಯಬಹುದು. ಮಹಾವೀರರ ಮುಂದೆ ಇಷ್ಟೂ ಜೋಡಿಗಳಿದ್ದವು. ಅವುಗಳಲ್ಲಿ ಕೆಲವು ತಾವೇ ಹಾರಗಳು: 12321 ಮತ್ತು 1002001 ಒಂದು ಜೋಡಿ, 121 ಮತ್ತು 102030201 ಇನ್ನೊಂದು. ಇವನ್ನು ಕೊಟ್ಟಿದ್ದರೆ ಶಿಷ್ಯನಿಗೆ ಗುಣಿಸುವ ಮೊದಲೇ ಗುಟ್ಟು ಸಿಕ್ಕಿಬಿಡುತ್ತಿತ್ತು. ಗುರು ಆರಿಸಿದ್ದು 441 ಮತ್ತು 27994681. ಮೊದಲನೆಯದು 21ರ ವರ್ಗ, ಎರಡನೆಯದು 5291ರ ವರ್ಗ. 3 ಮತ್ತು 7 ಒಂದು ಕಡೆ, 11, 13, 37 ಇನ್ನೊಂದು ಕಡೆ. ಎರಡರಲ್ಲೂ ಹಾರದ ಸುಳಿವಿಲ್ಲ. ಇಂಥ ಲೆಕ್ಕವನ್ನು ಸುಮ್ಮನೆ ಗುಣಿಸುತ್ತ ಹೋಗಿ ಕಂಡುಕೊಳ್ಳಲಾಗುವುದಿಲ್ಲ. ಮೊದಲು ಹಾರ ಕೈಯಲ್ಲಿರಬೇಕು, ಅದನ್ನು 441ರಿಂದ ಭಾಗಿಸಿ ಗುಣ್ಯವನ್ನು ಹೊರತೆಗೆಯಬೇಕು. ಶಿಷ್ಯ ಮಾಡುವ ಒಂದು ಗುಣಾಕಾರದ ಹಿಂದೆ ಗುರು ಮಾಡಿಟ್ಟ ಭಾಗಾಕಾರವಿದೆ.

ಇದಕ್ಕೆ ಅಲಂಕಾರಕ್ಕಿಂತ ಹೆಚ್ಚಿನ ಉಪಯೋಗವಿತ್ತು ಎಂದು ನಾನು ನಂಬುತ್ತೇನೆ. ಆ ಕಾಲದ ಲೆಕ್ಕ ನಡೆಯುತ್ತಿದ್ದದ್ದು ಧೂಳು ಹರಡಿದ ಹಲಗೆಯ ಮೇಲೆ. ಮಹಾವೀರರು ಹೇಳುವ ಗುಣಾಕಾರದ ರೀತಿಗಳಲ್ಲಿ ಕವಾಟಸಂಧಿ ಒಂದು. ಗುಣಕವನ್ನು ಗುಣ್ಯದ ಜೊತೆ ಇಟ್ಟು ಒಂದೊಂದೇ ಮನೆ ಸರಿಸುತ್ತ, ಕೆಲಸ ಮುಗಿದ ಅಂಕೆಯನ್ನು ಬೆರಳಿನಿಂದ ಅಳಿಸಿ ಅಲ್ಲೇ ಹೊಸದನ್ನು ಬರೆಯುತ್ತ ಹೋಗುವ ಕ್ರಮ. ಜಾಗ ಕಡಿಮೆ ಸಾಕು, ವೇಗವೂ ಹೆಚ್ಚು. ಆದರೆ ಲೆಕ್ಕ ಮುಗಿದಾಗ ನಡುವಿನ ಹಂತ ಒಂದೂ ಉಳಿದಿರುವುದಿಲ್ಲ. ಎಲ್ಲಿ ಎಡವಿದೆ ಎಂದು ಹಿಂದಿರುಗಿ ನೋಡಲು ಹಲಗೆಯ ಮೇಲೆ ಏನೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ 12345654321 ಮೂಡಿದರೆ ಸರಿಯಾಯಿತೋ ಇಲ್ಲವೋ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಒಂದೇ ಒಂದು ದಶಕ ತಪ್ಪಿದ್ದರೂ ಹಾರ ಡೊಂಕಾಗಿ ಕಾಣುತ್ತದೆ. ಪುಸ್ತಕದ ಕೊನೆಯ ಉತ್ತರಪಟ್ಟಿ ಮಾಡುವ ಕೆಲಸವನ್ನು ಇಲ್ಲಿ ಉತ್ತರವೇ ಮಾಡುತ್ತದೆ. ಓಲೆಗರಿಯಿಂದ ಓಲೆಗರಿಗೆ ಪ್ರತಿ ಮಾಡುವಾಗ ನುಸುಳುವ ತಪ್ಪಿಗೂ ಇದೇ ಕಾವಲು.

ಅವರು ಕೊಟ್ಟ ಇತರ ಹಾರಗಳೂ ಇದೇ ಬಗೆಯವು. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 139ನ್ನು 109ರಿಂದ ಗುಣಿಸಿದರೆ 15151. 142857143ನ್ನು ಏಳರಿಂದ ಗುಣಿಸಿದರೆ 1000000001. ನನ್ನನ್ನು ಹಿಡಿದು ನಿಲ್ಲಿಸುವುದು 152207 ಮತ್ತು 73. ಗುಣಲಬ್ಧ 11111111, ಎಂಟು ಒಂದುಗಳು. ಎಂಟು ಒಂದುಗಳ ಸಾಲನ್ನು 73 ಭಾಗಿಸುತ್ತದೆ ಎಂಬುದು ಕಣ್ಣಿಗೆ ಹೊಳೆಯುವ ಸಂಗತಿಯಲ್ಲ. ಆ ಸಾಲನ್ನು 10001 ಭಾಗಿಸುತ್ತದೆ, 10001 ಅಂದರೆ 73 ಮತ್ತು 137ರ ಗುಣಲಬ್ಧ ಎಂದು ಗೊತ್ತಿದ್ದವರಿಗೆ ಅಥವಾ ತಾಳ್ಮೆಯಿಂದ ಒಂದೊಂದೇ ಅವಿಭಾಜ್ಯವನ್ನು ಹಚ್ಚಿ ನೋಡಿದವರಿಗೆ ಮಾತ್ರ ಅದು ಸಿಗುತ್ತದೆ.

12345654321ರ ಅಂಕೆಗಳನ್ನು ಇನ್ನೊಂದು ಕಡೆಯೂ ನೋಡಿರುತ್ತೇವೆ, ಗುರುತಿಸಿರುವುದಿಲ್ಲ. ಹಾವು ಏಣಿ ಆಡುವ ದಾಳಗಳನ್ನು ಎರಡು ತೆಗೆದುಕೊಳ್ಳಿ. ಎರಡನ್ನೂ ಒಟ್ಟಿಗೆ ಎಸೆದರೆ ಮೊತ್ತ 2 ಬರುವುದು ಒಂದೇ ರೀತಿಯಲ್ಲಿ. 3 ಬರುವುದು ಎರಡು ರೀತಿಯಲ್ಲಿ, 4 ಮೂರು ರೀತಿಯಲ್ಲಿ. 7 ಬರುವುದಕ್ಕೆ ಆರು ದಾರಿ. ನಂತರ ಇಳಿಯುತ್ತ 12ಕ್ಕೆ ಮತ್ತೆ ಒಂದೇ ದಾರಿ. ಎರಡರಿಂದ ಹನ್ನೆರಡರವರೆಗೆ ಸಾಲಾಗಿ ಬರೆದರೆ 1, 2, 3, 4, 5, 6, 5, 4, 3, 2, 1. ಒಟ್ಟು 36. ಆರು ಮುಖದ ದಾಳವನ್ನು 111111 ಎಂದು ಬರೆಯಬಹುದು, ಪ್ರತಿ ಮುಖಕ್ಕೂ ಅದರದೇ ಸ್ಥಾನದಲ್ಲಿ ಒಂದು 1. ದಾಳಗಳ ಮೊತ್ತ ಎಣಿಸುವುದೂ ಸಂಖ್ಯೆಗಳನ್ನು ಗುಣಿಸುವುದೂ ಆಗ ಒಂದೇ ಕೆಲಸ. ಗುಣಾಕಾರದ ಕಂಬದಲ್ಲಿ ಒಟ್ಟಾಗುವ ಒಂದುಗಳೇ ಆ ಮೊತ್ತಕ್ಕಿರುವ ದಾರಿಗಳು.

ಅಮೆರಿಕದ ಬಫಲೋ ನಗರದ ಜಾರ್ಜ್ ಸಿಕರ್‌ಮನ್ ಒಂದು ಪ್ರಶ್ನೆ ಕೇಳಿಕೊಂಡರು. ಮುಖಗಳ ಮೇಲೆ ಒಂದು ಅಥವಾ ಅದಕ್ಕಿಂತ ದೊಡ್ಡ ಬೇರೆ ಪೂರ್ಣಾಂಕಗಳಿದ್ದೂ ಮೊತ್ತಗಳೆಲ್ಲ ಮಾಮೂಲಿ ಜೋಡಿಯಷ್ಟೇ ಸಲ ಬರುವಂಥ ದಾಳಗಳು ಸಾಧ್ಯವೇ? ಸಾಧ್ಯ. ಒಂದು ದಾಳದ ಮೇಲೆ 1, 2, 2, 3, 3, 4. ಇನ್ನೊಂದರ ಮೇಲೆ 1, 3, 4, 5, 6, 8. ಮಾರ್ಟಿನ್ ಗಾರ್ಡ್ನರ್ 1978ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಈ ದಾಳಗಳನ್ನು ಸಂಖ್ಯೆಯಾಗಿ ಬರೆಯಿರಿ. ಮೊದಲನೆಯದರಲ್ಲಿ ಒಂದು 1, ಎರಡು 2, ಎರಡು 3, ಒಂದು 4 ಇವೆ, ಅಂದರೆ 1221. ಎರಡನೆಯದರಲ್ಲಿ 2 ಮತ್ತು 7 ಇಲ್ಲ, ಆ ಮನೆಗಳಲ್ಲಿ ಸೊನ್ನೆ, ಅಂದರೆ 10111101. ಈ ಎರಡರ ಗುಣಲಬ್ಧ 12345654321. ಮಹಾವೀರರ ಮುಂದಿದ್ದ 122 ಜೋಡಿಗಳಲ್ಲಿ ಇದೂ ಒಂದು.

ಮೂರನೆಯ ಜೋಡಿ ದಾಳಗಳೇಕಿಲ್ಲ ಎಂಬುದಕ್ಕೂ ಈ ಸಂಖ್ಯೆಯಲ್ಲೇ ಉತ್ತರವಿದೆ. ದಾಳಗಳ ಮಟ್ಟಿಗೆ 111ನ್ನು 3 ಮತ್ತು 37 ಎಂದೋ 91ನ್ನು 7 ಮತ್ತು 13 ಎಂದೋ ಒಡೆಯುವಂತಿಲ್ಲ. ಆ ಒಡಕು ಹತ್ತರ ಲೆಕ್ಕದಲ್ಲಿ ಮಾತ್ರ ಸಿಗುವಂಥದ್ದು. ಯಾವ ಸ್ಥಾನಬೆಲೆಯಲ್ಲಾದರೂ ನಿಲ್ಲುವ ಒಡಕು ಇಷ್ಟೇ: 111111 ಅಂದರೆ 11, 111 ಮತ್ತು 91ರ ಗುಣಲಬ್ಧ. ಇಲ್ಲಿ 91ನ್ನು ನೂರರಲ್ಲಿ ಹತ್ತು ಕಳೆದು ಒಂದು ಕೂಡಿದ್ದು ಎಂದು ಓದಬೇಕು. ಎರಡು ದಾಳಗಳಿಗೆ ಇವು ಎರಡೆರಡು ಇವೆ. ಈಗ ಹತ್ತರ ಜಾಗದಲ್ಲೂ ನೂರರ ಜಾಗದಲ್ಲೂ 1 ಇಟ್ಟರೆ ಪ್ರತಿಯೊಂದೂ ಎಷ್ಟು ಮುಖಗಳನ್ನು ತರುತ್ತದೆ ಎಂದು ತಿಳಿಯುತ್ತದೆ. 11 ಎರಡಾಗುತ್ತದೆ, 111 ಮೂರಾಗುತ್ತದೆ, 91 ಒಂದಾಗುತ್ತದೆ. ದಾಳಕ್ಕೆ ಆರು ಮುಖ ಇರಲೇಬೇಕಾದ್ದರಿಂದ ಪ್ರತಿ ದಾಳಕ್ಕೂ ಒಂದು 11, ಒಂದು 111 ಸೇರಲೇಬೇಕು. ಅಲ್ಲಿಗೆ 1221 ಆಯಿತು. ಎಲ್ಲಿ ಬೇಕಾದರೂ ಹೋಗಬಹುದಾದದ್ದು ಎರಡು 91ಗಳು ಮಾತ್ರ. ಒಂದೊಂದು ಕಡೆಗೆ ಒಂದೊಂದು ಹೋದರೆ ನಮ್ಮ ಮಾಮೂಲಿ ದಾಳಗಳು. ಎರಡೂ ಒಂದೇ ಕಡೆಗೆ ಹೋದರೆ ಸಿಕರ್‌ಮನ್ನರ ದಾಳಗಳು.